ಗ್ಯಾಲಡೆಟ್ ಬೋಧಕರ ಚರಿತ್ರೆ: ಕಲಿಯುವವರಿಗೆ ಕೊಟ್ಟ ಕಾಣಿಕೆಯ ಫಲ

ತೀರಿಹೋದ ಪ್ರಿಯರ ನೆನಪಿಗಾಗಿ ಸಮಾಧಿಯ ಮೇಲೆ ಕಲ್ಲನ್ನು ನಿಲ್ಲಿಸುವುದೂ, ದೇವಾಲಯಕ್ಕೆ ಗಂಟೆಯನ್ನಾಗಲಿ ಬೆಂಚನ್ನಾಗಲಿ ಕೊಡುವುದೂ ನಮ್ಮ ಸಭೆಗಳಲ್ಲಿ ನಡೆದುಬಂದ ವಾಡಿಕೆಯಾಗಿದೆ. ಇದು ಒಳ್ಳೆಯದೇ. ಆದರೆ ಬಡ ವಿದ್ಯಾರ್ಥಿಯೊಬ್ಬನನ್ನು ಓದಿಸುವುದೂ ಒಂದು ಸ್ಮಾರಕವೆಂದು ನಾವು ಅಷ್ಟಾಗಿ ಯೋಚಿಸುವುದಿಲ್ಲ. ಕಿವಿ ಕೇಳದವರ ಸೇವೆಗಾಗಿ ಶ್ರವಣಶಾಸ್ತ್ರವನ್ನು ಕಲಿಯುವವರಿಗೆ, ಅಗಲಿದವರ ಹೆಸರಿನಲ್ಲಿ ವಿದ್ಯಾರ್ಥಿವೇತನವನ್ನು ಇಡುವ ಪದ್ಧತಿಯು ಬೇರೆ ದೇಶಗಳಲ್ಲಿ ಉಂಟು. ಇಂಥ ಧರ್ಮದಿಂದ ಎಷ್ಟು ಫಲ ಬರಬಹುದೆಂಬುದನ್ನು ತೋರಿಸುವದಕ್ಕಾಗಿ, ಊರವರ ಹಣದಿಂದ ಸಮುದ್ರವನ್ನು ದಾಟಿಹೋಗಿ ಕಲಿತುಬಂದ ಒಬ್ಬ ಬೋಧಕರ ಚರಿತ್ರೆಯನ್ನು ನಮ್ಮ ವಾಚಕರ ಮುಂದೆ ಇಡುತ್ತೇವೆ.

ತೋಮಸ್ ಹಾಪ್ಕಿನ್ಸ್ ಗ್ಯಾಲಡೆಟ್ ಎಂಬ ಇವರು ೧೭೮೭ನೆಯ ಇಸವಿ ದಶಂಬರ ೧೦ರಲ್ಲಿ ಅಮೆರಿಕೆಯ ಫಿಲಡೆಲ್ಫಿಯ ಪಟ್ಟಣದಲ್ಲಿ ಹುಟ್ಟಿದರು. ಇವರ ತಂದೆಯ ಪೂರ್ವಿಕರು ಹ್ಯೂಗೆನಾಟರೆಂಬ ಫ್ರಾನ್ಸ್ ದೇಶದ ಪ್ರೊಟೆಸ್ಟಂಟ್ ಕ್ರೈಸ್ತರು. ಇವರು ಬಾಲಕರಾಗಿರುವಾಗಲೇ ಮನೆಯವರು ಕನೆಕ್ಟಿಕಟ್ ಸಂಸ್ಥಾನದ ಹಾರ್ಟ್‌ಫರ್ಡ್ ಎಂಬ ಊರಿಗೆ ಬಂದು ನೆಲೆಸಿದರು. ಇವರ ಶರೀರವು ಬಲಹೀನವಾಗಿದ್ದರೂ ಬುದ್ಧಿಯು ಬಹಳ ಚುರುಕಾಗಿತ್ತು. ಹದಿನೇಳನೆಯ ವಯಸ್ಸಿನಲ್ಲಿಯೇ, ಅಂದರೆ ೧೮೦೫ರಲ್ಲಿ, ಯೇಲ್ ಕಾಲೇಜಿನ ಪರೀಕ್ಷೆಯಲ್ಲಿ ತೇರ್ಗಡೆಯಾದರು. ಆಮೇಲೆ ಕೆಲವು ಕಾಲ ನ್ಯಾಯಶಾಸ್ತ್ರವನ್ನು ಓದಿದರು. ಕೆಲವು ಕಾಲ ವ್ಯಾಪಾರದ ಕೆಲಸದ ಮೇಲೆ ದೂರದ ಸೀಮೆಗಳಲ್ಲಿ ಸಂಚರಿಸಿದರು. ಕಡೆಗೆ ದೇವರ ವಾಕ್ಯವನ್ನು ಸಾರುವದೇ ತಮ್ಮ ಕೆಲಸವೆಂದು ನಿಶ್ಚಯಿಸಿ, ಆಂಡೋವರಿನ ವೇದಪಾಠಶಾಲೆಯಲ್ಲಿ ಓದಿ ೧೮೧೪ರಲ್ಲಿ ಹೊರಬಂದರು. ಸಭೆಯೊಂದರ ಪಾಲಕರಾಗಿ ಸುಖವಾಗಿ ಜೀವಿಸುವ ಮಾರ್ಗವು ಇವರಿಗೆ ತೆರೆದಿತ್ತು.

ಆದರೆ ದೇವರು ಇವರನ್ನು ಬೇರೊಂದು ದಾರಿಯಲ್ಲಿ ನಡೆಸಿದನು. ಹಾರ್ಟ್‌ಫರ್ಡಿನಲ್ಲಿ ಇವರ ನೆರೆಮನೆಯವನಾದ ಕಾಗ್ಸ್‌ವೆಲ್ ಎಂಬ ವೈದ್ಯನಿಗೆ ಆಲಿಸ್ ಎಂಬ ಮಗಳಿದ್ದಳು. ಎರಡು ವರ್ಷದ ಕೂಸಾಗಿದ್ದಾಗ ಬಂದ ಕಠಿಣ ಜ್ವರದಿಂದ ಅವಳ ಕಿವಿ ಹೋಗಿ, ಕಲಿತಿದ್ದ ತೊದಲು ಮಾತೂ ಮರೆತುಹೋಗಿತ್ತು. ಗ್ಯಾಲಡೆಟರು ಊರಿಗೆ ಬಂದಿದ್ದಾಗ, ತಮ್ಮ ತಮ್ಮತಂಗಿಯರು ಆಡುತ್ತಿದ್ದ ಕಡೆಯಲ್ಲಿ ಒಂಬತ್ತು ವರ್ಷದ ಆ ಹುಡುಗಿಯನ್ನು ನೋಡಿ ಮರುಗಿದರು. ತಮ್ಮ ಟೋಪಿಯನ್ನು ಅವಳಿಗೆ ತೋರಿಸಿ, ಅದರ ಹೆಸರಿನ ಅಕ್ಷರಗಳನ್ನು ಕಡ್ಡಿಯಿಂದ ಮಣ್ಣಿನಲ್ಲಿ ಬರೆದರು. ಆ ಗೆರೆಗಳಿಗೂ ಟೋಪಿಗೂ ಇರುವ ಸಂಬಂಧವು ಮಗುವಿಗೆ ತಿಳಿಯಿತೆಂದು ಕಂಡಾಗ ಅವರಿಗಾದ ಸಂತೋಷವು ಅಷ್ಟಿಷ್ಟಲ್ಲ. ಕಿವುಡರಿಗೆ ಬುದ್ಧಿಯಿಲ್ಲವೆಂದು ಲೋಕವು ಹೇಳುತ್ತಿದ್ದ ಮಾತು ಸುಳ್ಳೆಂಬುದು ಆ ಮಣ್ಣಿನ ಮೇಲೆಯೇ ಸ್ಪಷ್ಟವಾಯಿತು.

ಆ ದಿವಸಗಳಲ್ಲಿ ಅಮೆರಿಕೆಯಲ್ಲಿ ಕಿವುಡ ಮಕ್ಕಳಿಗಾಗಿ ಒಂದು ಸ್ಥಿರವಾದ ಪಾಠಶಾಲೆಯೂ ಇರಲಿಲ್ಲ. ಅವರಿಗೆ ಕಲಿಸುವ ವಿದ್ಯೆಯನ್ನು ಬಲ್ಲವರೂ ಬಹಳ ವಿರಳವಾಗಿದ್ದರು. ಆದರೂ ಕನೆಕ್ಟಿಕಟಿನ ಬೋಧಕರು ೧೮೧೨ರಲ್ಲಿ ತಮ್ಮ ತಮ್ಮ ಸಭೆಗಳಲ್ಲಿ ವಿಚಾರಿಸಿ ಎಣಿಸಲಾಗಿ, ಆ ಚಿಕ್ಕ ಸಂಸ್ಥಾನದಲ್ಲಿಯೇ ೮೪ ಮಂದಿ ಕಿವುಡರಿದ್ದರೆಂದು ತಿಳಿದುಬಂತು. ೧೮೧೫ನೆಯ ಎಪ್ರಿಲ್ ೧೩ರಲ್ಲಿ ಊರಿನ ಕೆಲವರು ಕಾಗ್ಸ್‌ವೆಲ್ ವೈದ್ಯನ ಮನೆಯಲ್ಲಿ ಕೂಡಿ, ಯೋಗ್ಯನಾದ ಒಬ್ಬನನ್ನು ಯುರೋಪಿಗೆ ಕಳುಹಿಸಿ ಆ ವಿದ್ಯೆಯನ್ನು ತರಿಸಬೇಕೆಂದು ತೀರ್ಮಾನಿಸಿದರು. ಅದಕ್ಕೆ ಬೇಕಾದ ಹಣವು ಮನೆಮನೆಗಳಿಂದ ಬಹು ಬೇಗನೆ ಕೂಡಿಬಂತು. ಯಾರನ್ನು ಕಳುಹಿಸುವದೆಂಬ ಪ್ರಶ್ನೆಗೆ ಗ್ಯಾಲಡೆಟರೇ ಉತ್ತರವಾದರು. ಪ್ರಿಯ ವಾಚಕರೇ, ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಆ ಊರವರು ಮೊದಲು ಕಟ್ಟಡಕ್ಕೆ ಅಸ್ತಿವಾರ ಹಾಕಲಿಲ್ಲ. ಮೊದಲು ಒಬ್ಬ ವಿದ್ಯಾರ್ಥಿಯ ದಾರಿಖರ್ಚನ್ನು ಕೊಟ್ಟರು.

ಮೇ ತಿಂಗಳಲ್ಲಿ ಹಡಗು ಹತ್ತಿದ ಇವರಿಗೆ ಇಂಗ್ಲಂಡಿನಲ್ಲಿ ನಿರಾಶೆಯೇ ಕಾದಿತ್ತು. ಅಲ್ಲಿ ಕಿವುಡರಿಗೆ ಮಾತು ಕಲಿಸುವ ವಿದ್ಯೆಯು ಬ್ರೇಡ್‌ವುಡ್ ಎಂಬ ಮನೆತನದವರ ಗುಟ್ಟಾಗಿದ್ದು, ಅವರಿಗೆ ಜೀವನೋಪಾಯವೂ ಆಗಿತ್ತು. ಲಂಡನಿನ ಶಾಲೆಯವರು, ಕಲಿಯಬೇಕಾದರೆ ಮೂರು ವರ್ಷ ತಮ್ಮಲ್ಲಿ ಸಹಾಯಕನಾಗಿ ದುಡಿಯಬೇಕೆಂದರು. ಎಡಿನ್‌ಬರೋ ಪಟ್ಟಣದ ಉಪಾಧ್ಯಾಯನು ಸಜ್ಜನನಾಗಿದ್ದರೂ, ಆ ವಿದ್ಯೆಯನ್ನು ಇತರರಿಗೆ ಹೇಳಿಕೊಡುವದಿಲ್ಲವೆಂಬ ಕರಾರಿಗೆ ಸಿಕ್ಕಿಕೊಂಡಿದ್ದನು. ಹೀಗೆ ತಿಂಗಳುಗಳು ಕಳೆದವು. ಊರವರು ನಂಬಿ ಕೊಟ್ಟ ಹಣವೂ ಕರಗುತ್ತಿತ್ತು. ದೀಪವನ್ನು ಕೊಳಗದ ಕೆಳಗೆ ಇಡಬಾರದೆಂದು ನಮ್ಮ ಕರ್ತನು ಕಲಿಸಿರುವಾಗ, ಕ್ರೈಸ್ತರ ದೇಶದಲ್ಲಿಯೇ ಜ್ಞಾನವು ಬೀಗದೊಳಗೆ ಇದ್ದದ್ದು ಶೋಚನೀಯವಲ್ಲವೇ!

ಆದರೆ ಪ್ಯಾರಿಸ್ ಪಟ್ಟಣದ ಕಿವುಡರ ಶಾಲೆಯ ಮುಖ್ಯಸ್ಥನಾದ ಸಿಕಾರ್ ಎಂಬವನು ಆಗ ಲಂಡನಿಗೆ ಬಂದು, ತನ್ನ ಕಿವುಡ ಶಿಷ್ಯರಾದ ಮಾಸ್ಯೂ ಮತ್ತು ಲೊರಾನ್ ಕ್ಲೆರ್ ಎಂಬವರ ವಿದ್ಯೆಯನ್ನು ಸಭೆಗಳಲ್ಲಿ ತೋರಿಸುತ್ತಿದ್ದನು. ಇವನು ರೋಮನ್ ಕ್ಯಾಥೊಲಿಕ್ ಪಾದ್ರಿ. ಆದರೂ ಪ್ರೊಟೆಸ್ಟಂಟ್ ಬೋಧಕನೆಂದು ಗ್ಯಾಲಡೆಟರನ್ನು ದೂರ ಮಾಡದೆ, ಪ್ಯಾರಿಸಿಗೆ ಬಂದು ಕಲಿಯುವಂತೆ ಕರೆದನು. ೧೮೧೬ರ ಮೊದಲ ತಿಂಗಳುಗಳಲ್ಲಿ ಇವರು ಅಲ್ಲಿ ಕೈಸನ್ನೆಗಳ ಭಾಷೆಯನ್ನು ಅಭ್ಯಾಸ ಮಾಡಿದರು. ಕಾಲವು ಸಾಲದೆಂದು ಕಂಡು ಕ್ಲೆರನನ್ನೇ ತಮ್ಮೊಂದಿಗೆ ಬರುವಂತೆ ಬೇಡಿದರು. ಆತನು ತಾಯ್ನಾಡನ್ನು ಬಿಟ್ಟು ಹೊರಟನು. ೫೨ ದಿವಸಗಳ ಆ ಸಮುದ್ರಯಾನದಲ್ಲಿ ಕಿವುಡನು ಬೋಧಕನಿಗೆ ಸನ್ನೆಗಳನ್ನೂ, ಬೋಧಕನು ಕಿವುಡನಿಗೆ ಇಂಗ್ಲಿಷನ್ನೂ ಕಲಿಸುತ್ತ ಬಂದರು. ಯಾರಿಗೆ ಸಹಾಯ ಮಾಡಬೇಕೆಂದು ಹೊರಟರೋ ಅಂಥವರ ಪಾದದ ಬಳಿಯಲ್ಲಿಯೇ ಕುಳಿತು ಕಲಿತದ್ದು ಇವರ ದೊಡ್ಡತನವಾಗಿತ್ತು.

ಊರಿಗೆ ಮರಳಿದ ಮೇಲೆ ಇಬ್ಬರೂ ಪಟ್ಟಣ ಪಟ್ಟಣಗಳನ್ನು ತಿರುಗಿ ಧರ್ಮದ ಹಣವನ್ನು ಕೂಡಿಸಿದರು. ಕನೆಕ್ಟಿಕಟ್ ಶಾಸನಸಭೆಯು ೫,೦೦೦ ಡಾಲರುಗಳನ್ನು ಕೊಟ್ಟಿತು. ೧೮೧೭ನೆಯ ಎಪ್ರಿಲ್ ೧೫ರಲ್ಲಿ ಹಾರ್ಟ್‌ಫರ್ಡಿನಲ್ಲಿ ಏಳು ಮಂದಿ ವಿದ್ಯಾರ್ಥಿಗಳಿಂದ ಪಾಠಶಾಲೆಯು ಆರಂಭವಾಯಿತು. ಅವರಲ್ಲಿ ಆಲಿಸ್ ಒಬ್ಬಳು. ಆದರೆ ಶಾಲೆಯು ತೆರೆದ ಮಾತ್ರಕ್ಕೆ ಬಡವರ ಮಕ್ಕಳು ಅದರೊಳಗೆ ಬರುವಹಾಗಿರಲಿಲ್ಲ. ಊಟಕ್ಕೂ ವಸತಿಗೂ ಪಾಠಕ್ಕೂ ಹಣವು ಬೇಕಲ್ಲವೇ? ಆದ್ದರಿಂದ ೧೮೧೯ರಲ್ಲಿ ಅಮೆರಿಕೆಯ ರಾಷ್ಟ್ರೀಯ ಶಾಸನಸಭೆಯು ಸುಮಾರು ೨೩,೦೦೦ ಎಕರೆ ಭೂಮಿಯನ್ನು ಶಾಲೆಗೆ ಕೊಡಲಾಗಿ, ಅದನ್ನು ಮಾರಿದ ಹಣವು ಸ್ಥಿರವಾದ ಮೂಲಧನವಾಯಿತು. ಮಸಾಚುಸೆಟ್ಸ್ ಮುಂತಾದ ಸಂಸ್ಥಾನಗಳು ತಮ್ಮ ಬಡ ಮಕ್ಕಳ ಖರ್ಚನ್ನು ತಾವೇ ವಹಿಸಿಕೊಂಡು ಅವರನ್ನು ಅಲ್ಲಿಗೆ ಕಳುಹಿಸಿದವು. ಅಲ್ಲಿ ಕಲಿತವರಲ್ಲಿ ಅನೇಕರು ಬೇರೆ ಸಂಸ್ಥಾನಗಳಲ್ಲಿ ಉಪಾಧ್ಯಾಯರಾದರು. ಒಬ್ಬನ ದಾರಿಖರ್ಚಿಗೆ ಕೊಟ್ಟ ಹಣವು ಹೀಗೆ ಬೀಜದಂತೆ ಮೊಳೆತು ನೂರಾಗಿ ಫಲಿಸಿತು.

ಗ್ಯಾಲಡೆಟರು ೧೮೨೧ರಲ್ಲಿ ತಮ್ಮ ಶಾಲೆಯಲ್ಲಿ ಓದಿದ ಸೋಫಿಯ ಫೌಲರ್ ಎಂಬ ಕಿವುಡ ಸ್ತ್ರೀಯನ್ನು ಮದುವೆಯಾದರು. ಅವರಿಗೆ ಎಂಟು ಮಂದಿ ಮಕ್ಕಳಾದರು. ೧೮೩೦ರಲ್ಲಿ ಶರೀರದ ಅಸ್ವಸ್ಥತೆಯಿಂದ ಶಾಲೆಯ ಅಧಿಕಾರವನ್ನು ಬಿಟ್ಟುಕೊಟ್ಟರು. ಅದೇ ವರ್ಷದ ಕೊನೆಯಲ್ಲಿ ಕಾಗ್ಸ್‌ವೆಲ್ ವೈದ್ಯನು ತೀರಿಕೊಂಡನು. ತಂದೆಯ ಅಗಲಿಕೆಯನ್ನು ತಾಳಲಾರದೆ ಆಲಿಸಳೂ ಕೆಲವೇ ದಿವಸಗಳಲ್ಲಿ ಮರಣಹೊಂದಿದಳು. ಆಗ ಅವಳಿಗೆ ೨೫ ವರ್ಷ. ಗ್ಯಾಲಡೆಟರು ಆಮೇಲೆ ಮಕ್ಕಳಿಗಾಗಿ ಪುಸ್ತಕಗಳನ್ನು ಬರೆಯುತ್ತ, ೧೮೩೮ರಿಂದ ಹಾರ್ಟ್‌ಫರ್ಡಿನ ಮಾನಸಿಕ ರೋಗಿಗಳ ಆಸ್ಪತ್ರೆಯಲ್ಲಿ ಬೋಧಕರಾಗಿ ಸೇವೆಮಾಡುತ್ತ, ೧೮೫೧ನೆಯ ಸೆಪ್ಟಂಬರ ೧೦ರಲ್ಲಿ ಕರ್ತನಲ್ಲಿ ನಿದ್ರೆಹೋದರು.

ಕಿವುಡರು ತಾವೇ ಹಣ ಕೂಡಿಸಿ ಇವರ ಸ್ಮಾರಕಗಳನ್ನು ನಿಲ್ಲಿಸಿದರು. ವಾಷಿಂಗ್ಟನ್ ನಗರದಲ್ಲಿ ೧೮೮೯ರಲ್ಲಿ ತೆರೆದ ವಿಗ್ರಹದಲ್ಲಿ, ಕುಳಿತಿರುವ ಇವರ ಬದಿಯಲ್ಲಿ ಆಲಿಸ್ ನಿಂತು ಕೈಬೆರಳುಗಳಿಂದ ಮೊದಲನೆಯ ಅಕ್ಷರವನ್ನು ಕಲಿಯುತ್ತಿದ್ದಾಳೆ. ಆ ವಿಗ್ರಹವು ನಿಂತಿರುವ ವಿದ್ಯಾಲಯವನ್ನು ಬೆಳೆಸಿದವನು ಇವರ ಕಿರಿಯ ಮಗನಾದ ಎಡ್ವರ್ಡ್. ಅಲ್ಲಿ ಕಿವುಡರಿಗೆ ಪದವಿಗಳನ್ನು ಕೊಡುವ ಅಧಿಕಾರಕ್ಕೆ ಅಧ್ಯಕ್ಷ ಲಿಂಕನ್ನರು ೧೮೬೪ರಲ್ಲಿ ರುಜು ಹಾಕಿದರು. ೧೮೯೪ರಲ್ಲಿ ಅದಕ್ಕೆ ತಂದೆಯ ಹೆಸರನ್ನಿಟ್ಟರು. ಕಲ್ಲುಕಂಚಿನ ಸ್ಮಾರಕಗಳು ಒಂದೊಂದು ಕಡೆಯಲ್ಲಿಯೇ ನಿಂತಿವೆ. ವಿದ್ಯೆಯ ಸ್ಮಾರಕವಾದರೋ ಪ್ರತಿವರ್ಷವೂ ಹೊಸ ಹೊಸ ಮನುಷ್ಯರಾಗಿ ಹೊರಟುಬರುತ್ತದೆ.

ಗ್ಯಾಲಡೆಟರ ಕಾಲದಲ್ಲಿ ಕಿವಿಯ ಬಲವನ್ನು ಅಳೆಯುವ ಸರಿಯಾದ ಸಾಧನವಿರಲಿಲ್ಲ. ೧೯೪೦ರ ದಶಕದಲ್ಲಿ, ಎರಡನೆಯ ಮಹಾಯುದ್ಧದಲ್ಲಿ ಕಿವಿ ಕೆಟ್ಟ ಸೈನಿಕರ ಆರೈಕೆಯ ನಿಮಿತ್ತವಾಗಿ, ಶ್ರವಣಶಾಸ್ತ್ರವು ಪ್ರತ್ಯೇಕವಾದ ವಿದ್ಯೆಯಾಗಿ ಬೆಳೆಯಿತು. ಇದನ್ನೇ ಆಡಿಯಾಲಜಿ ಎನ್ನುತ್ತಾರೆ. ಇದನ್ನು ಕಲಿತವರು ಹುಟ್ಟಿದ ಕೂಸಿನ ಕಿವಿಯನ್ನೂ ಯಂತ್ರದಿಂದ ಪರೀಕ್ಷಿಸಿ, ಕೇಳಿಸುವಿಕೆ ಎಷ್ಟು ಕಡಿಮೆಯೆಂದು ತಿಳಿದು, ತಕ್ಕ ಶ್ರವಣಯಂತ್ರವನ್ನು ಹೊಂದಿಸಿಕೊಡುತ್ತಾರೆ. ಗ್ಯಾಲಡೆಟರ ಹೆಸರನ್ನು ಹೊತ್ತ ವಿಶ್ವವಿದ್ಯಾಲಯದಲ್ಲಿಯೂ ಈ ಶಾಸ್ತ್ರವನ್ನು ಕಲಿಸುತ್ತಾರೆ. ಅಲ್ಲಿ ಸನ್ನೆಭಾಷೆಗೆ ಪೂರ್ಣ ಗೌರವ ಉಂಟು. ಯಂತ್ರದಿಂದ ಪ್ರಯೋಜನವಾಗುವವರಿಗೆ ಯಂತ್ರವೂ, ಸನ್ನೆಯಿಂದ ಮಾತಾಡುವವರಿಗೆ ಸನ್ನೆಯೂ ದೊರೆಯಬೇಕು. ದೆಕಪೊಲಿಯ ಸೀಮೆಯಲ್ಲಿ ನಮ್ಮ ಕರ್ತನು ಕಿವುಡನನ್ನು ಗುಂಪಿನಿಂದ ಬೇರೆಯಾಗಿ ಕರೆದುಕೊಂಡು ಹೋಗಿ, ಅವನ ಕಿವಿಗಳನ್ನೂ ನಾಲಿಗೆಯನ್ನೂ ಮುಟ್ಟಿದನೆಂದು ಮಾರ್ಕನು ಬರೆದಿದ್ದಾನಲ್ಲವೇ? ಆತನು ಮೊದಲು ಆ ಮನುಷ್ಯನಿಗೆ ತಿಳಿಯುವ ರೀತಿಯಲ್ಲಿಯೇ ಅವನ ಸಂಗಡ ವ್ಯವಹರಿಸಿದನು.

ನಮ್ಮ ನಾಡಿನಲ್ಲಿ ಈ ವಿದ್ಯೆಯನ್ನು ಕಲಿಯಲು ದೂರ ಸಮುದ್ರವನ್ನು ದಾಟಬೇಕಾಗಿಲ್ಲ. ಮೈಸೂರಿನಲ್ಲಿ ೧೯೬೫ರಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು ಇದನ್ನು ಕಲಿಸುತ್ತಿದೆ. ಕಿವಿಯ ಪರೀಕ್ಷೆಯನ್ನೂ ಮಾಡುತ್ತದೆ. ಸಹೋದರ ಸಹೋದರಿಯರೇ, ನಿಮ್ಮ ಮನೆಯಲ್ಲಿ ಕೂಸು ಶಬ್ದಕ್ಕೆ ತಿರುಗಿ ನೋಡದಿದ್ದರೆ, ಮಾತು ತಡವಾಗಿ ಬಂದೀತೆಂದು ವರ್ಷಗಟ್ಟಲೆ ಕಾಯದೆ ಬೇಗನೆ ಪರೀಕ್ಷೆ ಮಾಡಿಸಿರಿ. ನಿಮ್ಮ ಸಭೆಯಲ್ಲಿ ಈ ವಿದ್ಯೆಯನ್ನು ಓದಬಲ್ಲ ಹುಡುಗನಾಗಲಿ ಹುಡುಗಿಯಾಗಲಿ ಬಡತನದಿಂದ ಹಿಂಜರಿಯುತ್ತಿದ್ದರೆ, ಮುಂದಿನ ಸಲ ಸ್ಮಾರಕದ ಮಾತು ಬಂದಾಗ ಅವರನ್ನು ನೆನಸಿರಿ. ಒಬ್ಬರಿಗೆ ಆಗದಿದ್ದರೆ ಹತ್ತು ಮನೆಗಳವರು ಕೂಡಿರಿ. ಹಾರ್ಟ್‌ಫರ್ಡಿನವರೂ ಹಾಗೆಯೇ ಕೂಡಿದರು. ಸುಗ್ಗಿಯ ಕಾಣಿಕೆಯಲ್ಲಿ ಒಂದು ಪಾಲನ್ನು ಇದಕ್ಕಾಗಿ ತೆಗೆದಿಟ್ಟರೂ ಆದೀತು. ಅಗಲಿದ ತಾಯಿಯ ಇಲ್ಲವೆ ಮಗುವಿನ ಹೆಸರಿನಲ್ಲಿ ಓದಿದವರು, ಇನ್ನೊಬ್ಬ ತಾಯಿಯ ಮಗುವಿಗೆ ಉಪಕಾರವಾಗುವರು. ಕಿವುಡರನ್ನು ಮರೆಯದ ಕರ್ತನು ಇಂಥ ಕಾಣಿಕೆಯನ್ನು ಆಶೀರ್ವದಿಸಲಿ.