ಅಳಿಯ ರಾಮರಾಯ ಮತ್ತು ಒಂದು ವೀಳ್ಯದ ಕಥೆ

ತಾಳಿಕೋಟೆ ಅಂದಕೂಡಲೇ ನಮ್ಮಲ್ಲಿ ಅರ್ಧ ಜನಕ್ಕೆ ರಾಜು ತಾಳಿಕೋಟೆಯವರ ‘ಕಲಿಯುಗದ ಕುಡುಕ’ ನೆನಪಾಗಿ ನಗು ಬರುತ್ತೆ. ಇನ್ನರ್ಧ ಜನಕ್ಕೆ ಹೈಸ್ಕೂಲಿನ ಇತಿಹಾಸದ ಪುಸ್ತಕ ನೆನಪಾಗುತ್ತೆ: 1565, ವಿಜಯನಗರದ ಸೋಲು, ಎರಡು ಮಾರ್ಕಿನ ಪ್ರಶ್ನೆ. ಆ ಎರಡು ಮಾರ್ಕಿನಲ್ಲಿ ಸೇರದ ಒಂದು ವಿಷಯ ಇದೆ. ತಮಾಷೆ ಎಲ್ಲಿ ಮುಗಿಯುತ್ತೆ, ಅವಮಾನ ಎಲ್ಲಿ ಶುರುವಾಗುತ್ತೆ? ಫ್ರೆಶರ್ಸ್ ಡೇ ಬಂದಾಗಲೆಲ್ಲ ನಾವು ವಾದ ಮಾಡೋ ಈ ಪ್ರಶ್ನೆಗೆ ಅಳಿಯ ರಾಮರಾಯನ ಬದುಕಿನಲ್ಲಿ ಉತ್ತರ ಹುಡುಕಬಹುದು.

ರಾಮರಾಯ ಅರವೀಡು ಮನೆತನದವನು. ಅವನ ಕೆರಿಯರ್ ಶುರುವಾದದ್ದು ವಿಜಯನಗರದಲ್ಲಿ ಅಲ್ಲ, ಗೋಲ್ಕೊಂಡದ ಸುಲ್ತಾನನ ನೌಕರಿಯಲ್ಲಿ. ಬಿಜಾಪುರದ ಸೈನ್ಯ ಏರಿ ಬಂದಾಗ ತನ್ನ ವಶದಲ್ಲಿದ್ದ ಕೋಟೆ ಬಿಟ್ಟು ಓಡಿ ಬಂದ. ಇವನು ಹೇಡಿ ಅಂತ ಸುಲ್ತಾನ ಕೆಲಸದಿಂದ ತೆಗೆದುಹಾಕಿದ. ಅಲ್ಲಿಂದ ಕೃಷ್ಣದೇವರಾಯನ ಹತ್ತಿರ ಬಂದ, ಅವನ ಮಗಳನ್ನ ಮದುವೆಯಾದ, ‘ಅಳಿಯ’ ಅನ್ನೋ ಹೆಸರು ಶಾಶ್ವತವಾಗಿ ಅಂಟಿಕೊಂಡಿತು. 1542ರಲ್ಲಿ ಅಚ್ಯುತರಾಯ ತೀರಿಕೊಂಡ ಮೇಲೆ ನಡೆದ ಗದ್ದಲದಲ್ಲಿ ಗೆದ್ದವನು ಇವನೇ. ಹೆಸರಿಗೆ ಸದಾಶಿವರಾಯ ಅರಸ, ಅಧಿಕಾರ ಪೂರ್ತಿ ಅಳಿಯನ ಕೈಯಲ್ಲಿ.

ಮುಂದಿನ ಇಪ್ಪತ್ತು ವರ್ಷ ಅವನು ಆಡಿದ್ದು ಚದುರಂಗ. ಒಬ್ಬ ಸುಲ್ತಾನನ ಮೇಲೆ ಇನ್ನೊಬ್ಬನನ್ನ ಎತ್ತಿಕಟ್ಟೋದು, ಈ ವರ್ಷ ಇವನ ಪಕ್ಷ, ಮುಂದಿನ ವರ್ಷ ಅವನ ಪಕ್ಷ. ಇದು ಹಿಂದೂ-ಮುಸ್ಲಿಂ ಜಗಳ ಅಂತ ಸುಲಭವಾಗಿ ಹೇಳೋ ಹಾಗಿಲ್ಲ ನೋಡ್ರಿ. ಗೋಲ್ಕೊಂಡದ ಇಬ್ರಾಹಿಂ ಕುತುಬ್ ಶಾ ರಾಜಕುಮಾರನಾಗಿದ್ದಾಗ ಜೀವ ಉಳಿಸಿಕೊಳ್ಳಲು ಓಡಿಬಂದು ಸುಮಾರು ಏಳು ವರ್ಷ ಇದ್ದದ್ದು ರಾಮರಾಯನ ಆಶ್ರಯದಲ್ಲಿ. ರಾಮರಾಯನ ಮಗ ಸತ್ತಾಗ ಬಿಜಾಪುರದ ಅಲಿ ಆದಿಲ್ ಶಾ ಸುಮಾರು ನೂರು ಕುದುರೆ ಸವಾರರ ಜೊತೆ ಖುದ್ದಾಗಿ ವಿಜಯನಗರಕ್ಕೆ ಬಂದು ಸಾಂತ್ವನ ಹೇಳಿದ. ರಾಮರಾಯನ ಹೆಂಡತಿ ಅವನನ್ನ ಮಗ ಅಂತ ಕರೆದಳು.

ಇಲ್ಲಿಂದ ಕಥೆ ತಿರುಗುತ್ತೆ. ಇತಿಹಾಸಕಾರ ಫಿರಿಸ್ತಾ ಬರೆದಿರೋ ಪ್ರಕಾರ, ಅಲಿ ವಾಪಸ್ ಹೊರಟಾಗ ರಾಮರಾಯ ಅವನನ್ನ ಬೀಳ್ಕೊಡೋಕೆ ಹೋಗಲಿಲ್ಲ. ಅಷ್ಟೇ. ಆದರೆ ಅಲಿ ಅದನ್ನ ಮರೆಯಲಿಲ್ಲ.

ಎರಡನೇ ಪ್ರಸಂಗ ಕೇಳಿದರೆ ನಗು ಬರುತ್ತೆ. ರಾಮರಾಯ, ಅಲಿ, ಇಬ್ರಾಹಿಂ ಮೂವರೂ ಸೇರಿ ಅಹಮದ್‌ನಗರದ ಹುಸೇನ್ ನಿಜಾಮ್ ಶಾನನ್ನ ಸೋಲಿಸಿದರು. ಸಂಧಿಯ ಒಂದು ಷರತ್ತು: ಹುಸೇನ್ ತಾನೇ ಬಂದು ರಾಮರಾಯನ ಕೈಯಿಂದ ವೀಳ್ಯ ತೆಗೆದುಕೊಳ್ಳಬೇಕು. ಬಂದ. ಭೇಟಿಯಲ್ಲಿ ಕೈಗೆ ಕೈ ತಾಗಿತು. ಹುಸೇನ್ ಅಲ್ಲೇ, ಎಲ್ಲರ ಮುಂದೆ, ನೀರು ತರಿಸಿ ಕೈ ತೊಳೆದುಕೊಂಡ. ರಾಮರಾಯ ಕಿಡಿಕಿಡಿಯಾದ. ಅತಿಥಿಯಾಗಿ ಬಂದಿರದಿದ್ದರೆ ಆ ಕೈಯನ್ನೇ ಕಡಿಸುತ್ತಿದ್ದೆ ಅಂತ ಗೊಣಗಿ, ತಾನೂ ನೀರು ತರಿಸಿ ಕೈ ತೊಳೆದ. ಇಬ್ಬರು ರಾಜರು, ಹಟಕ್ಕೆ ಬಿದ್ದ ಹುಡುಗರ ಹಾಗೆ, ಒಬ್ಬನಾದ ಮೇಲೊಬ್ಬ! ಇವತ್ತಾಗಿದ್ದರೆ ಹತ್ತು ನಿಮಿಷದಲ್ಲಿ ಮೀಮ್ ರೆಡಿ.

ಫಿರಿಸ್ತಾ ಯುದ್ಧವಾಗಿ ನಾಲ್ಕು ದಶಕದ ಮೇಲೆ ಬಿಜಾಪುರದ ಆಸ್ಥಾನದಲ್ಲಿ ಕೂತು ಬರೆದವನು, ಗೆದ್ದವರ ಕಡೆಯವನು. ಕಲ್ಯಾಣದಂಥ ಕೋಟೆಗಳು, ಕೃಷ್ಣಾ-ತುಂಗಭದ್ರಾ ನಡುವಿನ ದೋ-ಆಬ್ ಇವೇ ಜಗಳದ ಮೂಲ ಅನ್ನೋದೂ ಖರೆ. ಆದರೆ ಕೋಟೆಗಾಗಿ ಹೊಡೆದಾಡೋ ಸುಲ್ತಾನರು ಅಲ್ಲಿವರೆಗೆ ಪರಸ್ಪರ ಹೊಡೆದಾಡ್ತಾನೇ ಇದ್ದರು. ಅವರನ್ನ ಒಂದುಗೂಡಿಸಿದ್ದರಲ್ಲಿ ಅವಮಾನದ ನೆನಪಿಗೂ ಪಾಲಿದೆ. ಹುಸೇನನ ಮಗಳು ಚಾಂದ್ ಬೀಬಿಯನ್ನ ಅಲಿಗೆ ಕೊಟ್ಟು ಮದುವೆಯಾಯಿತು. ಜಗಳದ ಕೋಟೆ ಸೊಲ್ಲಾಪುರ ವರದಕ್ಷಿಣೆಯಾಗಿ ಹೋಯಿತು. ಏಳು ವರ್ಷ ಅನ್ನ ತಿಂದಿದ್ದ ಇಬ್ರಾಹಿಂ ಕೂಡ ಆ ಕಡೆ ಸೇರಿದ.

1564ರ ಡಿಸೆಂಬರಿನಲ್ಲಿ ಸುಲ್ತಾನರ ದಂಡು ತಾಳಿಕೋಟೆಯಲ್ಲಿ ಸೇರಿತು. ಯುದ್ಧ ನಡೆದದ್ದು ಊರಲ್ಲಿ ಅಲ್ಲ, ದೂರದಲ್ಲಿ ಕೃಷ್ಣೆಯಾಚೆ. ರಕ್ಕಸಗಿ, ತಂಗಡಗಿ ಊರುಗಳ ಹೆಸರಿನಿಂದ ರಕ್ಕಸ-ತಂಗಡಿ ಯುದ್ಧ ಅಂತಲೂ ಕರೆಯುತ್ತಾರೆ. 1565ರ ಜನವರಿಯಲ್ಲಿ, ಸುಮಾರು 80 ವರ್ಷದ ರಾಮರಾಯ ಸೆರೆಸಿಕ್ಕ. ಅವನ ತಲೆ ತೆಗೆಸಿದವನು ವೀಳ್ಯಕ್ಕಾಗಿ ಕೈ ಚಾಚಬೇಕಾಗಿ ಬಂದಿದ್ದ ಅದೇ ಹುಸೇನ್. ತಲೆಯನ್ನ ಈಟಿಗೆ ಸಿಕ್ಕಿಸಿ ಸೈನ್ಯಕ್ಕೆ ತೋರಿಸಿದರು.

ಗೇಲಿ ಅಲ್ಲಿಗೂ ನಿಲ್ಲಲಿಲ್ಲ. ಫಿರಿಸ್ತಾನನ್ನು ಇಂಗ್ಲಿಷಿಗೆ ತಂದ ಬ್ರಿಗ್ಸ್ 1829ರಲ್ಲಿ ಅಚ್ಚಾದ ಪುಸ್ತಕದಲ್ಲಿ ದಾಖಲಿಸಿರೋ ಪ್ರಕಾರ, ಬಿಜಾಪುರದ ಕೋಟೆಯೊಳಗೆ ಒಂದು ಚರಂಡಿಯ ಬಾಯಿಗೆ ರಾಮರಾಯನ ತಲೆಯ ಕಲ್ಲಿನ ಕೆತ್ತನೆ ಇತ್ತು. ಯಾರೋ ಕೂತು ಕಲ್ಲಲ್ಲಿ ಕೆತ್ತಿದ ಜೋಕು ಅದು. ಕೆತ್ತಿದವರಿಗೆ ನಗು ಬಂದಿರಬೇಕು. ನಮಗೆ ಬರಲ್ಲ.

ಈ ಕಥೆಯಿಂದ ನಾವು ಕಂಡುಕೊಂಡದ್ದು ಇಷ್ಟು. ಗೆರೆ ಮಾತಿನಲ್ಲಾಗಲಿ ಚೇಷ್ಟೆಯಲ್ಲಾಗಲಿ ಇಲ್ಲ. ಸರಿಸಮಾನರ ನಡುವೆ ವೀಳ್ಯ ಕೊಟ್ಟರೆ ಅದು ಮರ್ಯಾದೆ. ಸೋತವನು ಎಲ್ಲರೆದುರು ಕೈ ಚಾಚಲೇಬೇಕು ಅಂದಾಗ ಅದೇ ವೀಳ್ಯ ಅವಮಾನ. ಎದುರಿನವನಿಗೆ ತಿರುಗಿ ಕಾಲೆಳೆಯೋ ಸ್ವಾತಂತ್ರ್ಯ ಇದೆಯಾ? ಬೇಡ ಅಂತ ಎದ್ದುಹೋಗೋಕೆ ಆಗುತ್ತಾ? ಎರಡಕ್ಕೂ ಇಲ್ಲ ಅನ್ನೋದಾದರೆ ಅಲ್ಲಿ ನಗುತ್ತಿರೋದು ಒಂದೇ ಕಡೆಯವರು. ಹೇಡಿ ಅನ್ನಿಸಿಕೊಂಡು ಹೊರಬಿದ್ದ ರಾಮರಾಯನಿಗೆ ಈ ನೋವು ಗೊತ್ತಿತ್ತು. ಮೇಲಿನ ಕುರ್ಚಿ ಸಿಕ್ಕ ಮೇಲೆ ಮರೆತ.

ಫಸ್ಟ್ ಇಯರ್ ಹುಡುಗನನ್ನ ಸ್ಟೇಜಿಗೆ ಕರೆದು ಅವನ ಊರಿನ ಭಾಷೆಯನ್ನ ಆಡಿಕೊಳ್ಳೋ ಮುಂಚೆ, ಮೈಕು ಅವನ ಕೈಗೂ ಸಿಗುತ್ತಾ ಅಂತ ಒಂದ್ಸಲ ನೋಡೋಣ.