ರಾಷ್ಟ್ರಕೂಟ ದಂತಿದುರ್ಗ

ರಾಷ್ಟ್ರಕೂಟ ಸಾಮ್ರಾಜ್ಯಕ್ಕೆ ಅಡಿಗಲ್ಲನ್ನಿಟ್ಟ ದಂತಿದುರ್ಗನನ್ನು ಖರಾಡಿಯ ಕನ್ನಡಿಗರಾದ ನಾವು ಈ ರಾಜ್ಯೋತ್ಸವದಂದು ನೆನೆಯುವುದು ಉಚಿತವೇ ಆಗಿದೆ.

ಈತನ ತಂದೆ ಇಂದ್ರ. ತಾಯಿ ಭವನಾಗೆ ಚಾಲುಕ್ಯ ಕುಲದವಳು. ಬಾದಾಮಿಯ ಚಾಲುಕ್ಯರಿಗೆ ಸಾಮಂತನಾಗಿದ್ದ ಈತನು ಎರಡನೆಯ ಕೀರ್ತಿವರ್ಮನನ್ನು ಸೋಲಿಸಿ ಸ್ವತಂತ್ರನಾದನು. ಕೊಲ್ಲಾಪುರ ಜಿಲ್ಲೆಯ ಸಾಮಾನಗಡದಲ್ಲಿ ದೊರೆತ ಶಕ 675ರ, ಅಂದರೆ ಕ್ರಿ.ಶ. 753-54ರ, ತಾಮ್ರಶಾಸನವು ಈತನು ಕೆಲವೇ ಭೃತ್ಯರೊಡನೆ ಕರ್ಣಾಟಕ ಸೈನ್ಯವನ್ನು, ಎಂದರೆ ಚಾಲುಕ್ಯರ ಸೇನೆಯನ್ನು, ಗೆದ್ದನೆಂದು ಹೊಗಳುತ್ತದೆ. ಇದನ್ನು ಓದುವಾಗ ನಮಗೆ ತುಸು ಕಸಿವಿಸಿಯಾಗದಿರದು!

ಎಲ್ಲೋರದ ದಶಾವತಾರ ಗುಹೆಯಲ್ಲಿ ಈತನ ಶಾಸನವಿದೆ. ಸುಮಾರು 756ರಲ್ಲಿ ಮಗನಿಲ್ಲದೆ ತೀರಿಕೊಂಡನು. ಚಿಕ್ಕಪ್ಪನಾದ ಒಂದನೆಯ ಕೃಷ್ಣನು ಪಟ್ಟವೇರಿ ಎಲ್ಲೋರದ ಕೈಲಾಸ ದೇವಾಲಯವನ್ನು ಕೊರೆಯಿಸಿದನು. ನಮ್ಮ ಪುಣೆಯ ಸೀಮೆಯನ್ನು ಹೆಸರಿಸುವ 758 ಮತ್ತು 768ರ ತಾಮ್ರಶಾಸನಗಳೂ ಕೃಷ್ಣನವೇ. ಆತನ ಮರಿಮಗ ನೃಪತುಂಗನ ಆಸ್ಥಾನದಲ್ಲಿ, ಸುಮಾರು 850ರಲ್ಲಿ, ಕವಿರಾಜಮಾರ್ಗವು ರಚಿತವಾಯಿತು.

ಕರ್ಣಾಟಕ ಸೈನ್ಯವನ್ನು ಗೆದ್ದೆವೆಂದು ಬೀಗಿದ ಮನೆತನವೇ ಮುಂದೆ ಮೂರು ತಲೆಮಾರಿನಲ್ಲಿ ಕನ್ನಡಕ್ಕೆ ಆಸರೆಯಾಯಿತು. ಭಾಷೆಯು ಮನೆಗೆ ಬರಲು ಅಷ್ಟು ಕಾಲ ಸಾಕು; ಪರಊರಿನಲ್ಲಿರುವ ನಮ್ಮ ಮನೆಗಳಿಂದ ಹೊರಟುಹೋಗಲೂ ಅಷ್ಟೇ ಸಾಕು. ಮಕ್ಕಳೊಡನೆ ಕನ್ನಡದಲ್ಲಿ ಮಾತಾಡೋಣ.