ನಡುಗಡ್ಡೆಯಲ್ಲಿ ನೆನೆದ ಟೇಲರ್ ಸಾಹೇಬರು

ಸುರಪುರದ ಸೀಮೆಯಲ್ಲಿ ಕೃಷ್ಣೆಯ ನಡುವೆ ನೀಲಕಂಠರಾಯನಗಡ್ಡಿ ಎಂಬ ಪುಟ್ಟ ದ್ವೀಪವಿದೆ. ಒಂದು ಬೇಸಗೆಯ ಸಂಜೆ ನಾನು ಹರಿಗೋಲಿನಲ್ಲಿ ಅಲ್ಲಿಗೆ ಹೋಗಿದ್ದೆ. ಬುಟ್ಟಿಯಂತಹ ಆ ದೋಣಿ ಸುಳಿಯಲ್ಲೊಮ್ಮೆ ಗಿರ್ರನೆ ತಿರುಗಿದಾಗ ನನ್ನ ಎದೆ ಝಲ್ಲೆಂದಿತು. ಅಂಬಿಗನೋ, ನಗುತ್ತಲೇ ಹುಟ್ಟು ಹಾಕಿ ಬಂಡೆಗಳ ನಡುವಿನ ಕಿರುದಡಕ್ಕೆ ನಮ್ಮನ್ನು ಮುಟ್ಟಿಸಿದ. ಹೊಳೆ ಉಕ್ಕಿದರೆ ಗಡ್ಡಿಯ ಜನಕ್ಕೆ ಹೊರಲೋಕದ ಸಂಪರ್ಕವೇ ಕಡಿದುಹೋಗುತ್ತಿದ್ದುದುಂಟು. ಆ ದಡದ ಮೇಲೆ ಕುಳಿತಾಗ, ಕಡಲು ದಾಟಿ ಬಂದು ಈ ನಾಡಿನವರೇ ಆಗಿಹೋದ ಪರದೇಶಿಯೊಬ್ಬರ ನೆನಪು ನನಗಾಯಿತು.

ಫಿಲಿಪ್ ಮೆಡೋಸ್ ಟೇಲರ್ ಹುಟ್ಟಿದ್ದು 1808ರಲ್ಲಿ, ಲಿವರ್‌ಪೂಲ್ ಬಂದರಿನಲ್ಲಿ. 1824ರಲ್ಲಿ, ಹದಿನಾರು ತುಂಬುವ ಮೊದಲೇ, ಹಾಯಿಹಡಗನ್ನೇರಿ ಮುಂಬಯಿಗೆ ಬಂದಿಳಿದರು. ನೆಚ್ಚಿ ಬಂದಿದ್ದ ವ್ಯಾಪಾರದ ಕೆಲಸ ಕೈಗೂಡದೆ ನಿಜಾಮರ ಸೈನ್ಯವನ್ನು ಸೇರಿದರು. ಈ ನಾಡಿನ ಭಾಷೆಗಳು, ಭೂಮಾಪನ, ಕಾನೂನು ಎಲ್ಲವನ್ನೂ ಸ್ವಪ್ರಯತ್ನದಿಂದಲೇ ಕಲಿತರು. ಠಕ್ಕರನ್ನು ಕುರಿತು ಅವರು ಬರೆದ ಕಾದಂಬರಿ 1839ರಲ್ಲಿ ಪ್ರಕಟವಾಗಿ ಇಂಗ್ಲೆಂಡಿನಲ್ಲಿ ಹೆಸರು ತಂದಿತು.

ಅನಂತರ ಅವರಿಗೆ ದೊರೆತದ್ದು ಸುರಪುರದ ಹೊಣೆ. ರಾಜಾ ವೆಂಕಟಪ್ಪ ನಾಯಕನು ಆಗ ಇನ್ನೂ ಬಾಲಕ. ಅವನ ಪರವಾಗಿ ಟೇಲರರು 1853ರವರೆಗೆ ಸಂಸ್ಥಾನವನ್ನು ನೋಡಿಕೊಂಡರು. ಕದಡಿದ್ದ ಆಡಳಿತವನ್ನು ನೇರ್ಪಡಿಸಿದರು. ಬಿಡುವಿನಲ್ಲಿ ಶಹಾಪುರದ ಬಳಿಯ ವಿಭೂತಿಹಳ್ಳಿಯ ಬಂಡೆಸಾಲುಗಳನ್ನೂ ರಾಜನಕೋಳೂರಿನ ಕಲ್ಮನೆಗಳನ್ನೂ ಪರೀಕ್ಷಿಸಿ ವಿದ್ವಾಂಸರ ಗಮನಕ್ಕೆ ತಂದರು. ಬಾಲರಾಜನು ಅವರನ್ನು ಅಪ್ಪಾ ಎಂದೇ ಕರೆಯುತ್ತಿದ್ದನು.

ಅದೇ ರಾಜನು 1858ರಲ್ಲಿ ಇಂಗ್ಲಿಷರ ಮೇಲೆ ಸಿಡಿದೆದ್ದನು. ಸೋತು ಹೈದರಾಬಾದಿನಲ್ಲಿ ಸೆರೆಸಿಕ್ಕನು. ಮರಣದಂಡನೆಯಾಯಿತು. ಟೇಲರರು ಸೆರೆಮನೆಗೆ ಹೋಗಿ ಅವನನ್ನು ಕಂಡರು, ಅವನಿಗಾಗಿ ಮೇಲಿನವರಲ್ಲಿ ಬಿನ್ನವಿಸಿದರು. ಶಿಕ್ಷೆ ಕೊನೆಗೆ ನಾಲ್ಕು ವರ್ಷಗಳ ಸೆರೆವಾಸಕ್ಕೆ ಇಳಿಯಿತು. ಆದರೆ ಅಲ್ಲಿಗೆ ಒಯ್ಯುವ ದಾರಿಯಲ್ಲಿಯೇ, ಕಾವಲಿನ ಅಧಿಕಾರಿಯ ಪಿಸ್ತೂಲಿನ ಗುಂಡಿನಿಂದ ರಾಜನು ಮಡಿದನೆಂದು ಟೇಲರರ ಆತ್ಮಚರಿತ್ರೆ ತಿಳಿಸುತ್ತದೆ. ಬಳಿಕ ಸುರಪುರ ನಿಜಾಮರ ಪಾಲಾಯಿತು.

ಇಲ್ಲಿಯೇ ನನ್ನ ಮನಸ್ಸು ತೊಡಕಿಗೆ ಬೀಳುತ್ತದೆ. ಟೇಲರರ ಒಲವು ಸುಳ್ಳಲ್ಲ. ಆದರೆ ಆ ಒಲವಿಗೆ ರಾಜನ ನೋವು ಅರ್ಥವಾಯಿತೇ ಹೊರತು, ಅವನ ನಾಡಿನ ಸ್ವಾತಂತ್ರ್ಯದ ಹಂಬಲ ಅರ್ಥವಾಯಿತೇ? ತಾವೇ ಬೆಳೆಸಿದ ಮಗನ ಕೈಗೂ ತಾವು ಉಪ್ಪುಂಡ ಸರಕಾರದ ಕೈಗೂ ನಡುವೆ ನಿಂತವರ ಪಾಡು ಅದು. ಒಂದು ದಡವನ್ನು ಹಿಡಿದರೆ ಇನ್ನೊಂದು ಕೈಬಿಡಲೇಬೇಕು. ಅವರು ಬಿಟ್ಟದ್ದು ಯಾವುದನ್ನೆಂದು ಸುರಪುರದವರು ಮರೆತಿಲ್ಲ. ಹಾಗೆಂದು ಅವರನ್ನು ಹಗೆಯೆಂದು ಬಗೆದದ್ದೂ ಇಲ್ಲ. ಬೆಟ್ಟದ ಮೇಲಿನ ಅವರ ಮನೆಗೆ ಇಂದಿಗೂ ಟೇಲರ್ ಮಂಜಿಲ್ ಎಂದೇ ಹೆಸರು.

1876ರಲ್ಲಿ ಫ್ರಾನ್ಸಿನ ಮೆಂಟನ್ ಎಂಬ ಕಡಲದಡದ ಊರಿನಲ್ಲಿ ಅವರು ತೀರಿಕೊಂಡರು. ಕತ್ತಲಾಗುತ್ತ ಬಂದಿತ್ತು. ಅಂಬಿಗ ಕೂಗಿದ, ನಾನೆದ್ದು ಮತ್ತೆ ಹರಿಗೋಲನ್ನೇರಿದೆ.